ಕಾಸಿನಗಲದ ಕಟ್ಟಡಗಳು

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಒಂಬತ್ತು ವರ್ಷದ ಮಗಳು ಚಿತ್ರದುರ್ಗದ ನಮ್ಮ ಹಳೆಯ ಮನೆಯ ಚಿತ್ರವನ್ನು ಬರೆದಳು. ಆ ಮನೆ ಈಗಿಲ್ಲ. ಅಣ್ಣ ಹುಬ್ಬಳ್ಳಿಗೂ ನಾನು ಚೆನ್ನೈಗೂ ಬಂದು ನೆಲೆಸಿದ ಮೇಲೆ ಅದನ್ನು ನೋಡಿಕೊಳ್ಳುವವರಿಲ್ಲದೆ ಮಾರಬೇಕಾಯಿತು. ಕೊಂಡವರು ಕೆಡವಿ ಅಂಗಡಿಗಳನ್ನು ಕಟ್ಟಿಸಿದರು. ಮನೆಯ ಮುಂಭಾಗ ಪೂರ್ತಿಯಾಗಿ ಕಾಣುವ ಭಾವಚಿತ್ರ ಒಂದೂ ನಮ್ಮಲ್ಲಿ ಉಳಿದಿಲ್ಲ. ನಮ್ಮ ತಂದೆಯವರ ಒಂದು ಪಟದಲ್ಲಿ ಅವರ ಹೆಗಲ ಹಿಂದೆ ಜಗಲಿಯ ಕಂಬವೊಂದರ ಅಂಚು ಕಾಣುತ್ತದೆ, ಅಷ್ಟೆ.

ಮಗಳ ಚಿತ್ರದಲ್ಲಿ ಜಗಲಿಗೆ ಎರಡೇ ಕಂಬ. ಅವುಗಳ ನಡುವೆ ಬಾಗಿಲಷ್ಟೇ ಎತ್ತರದ ಅಜ್ಜ ಕುಳಿತಿದ್ದಾರೆ.

"ನಾಲ್ಕು ಕಂಬ ಇತ್ತಲ್ಲಮ್ಮಾ, ಇನ್ನೆರಡು ಎಲ್ಲಿ?" ಎಂದು ಕೇಳಿದೆ.

"ನಾಲ್ಕೂ ಬರೆದರೆ ಅಜ್ಜನಿಗೆ ಜಾಗ ಎಲ್ಲಿದೆ ಅಪ್ಪಾ?" ಎಂದಳು.

ನನಗೆ ನಗು ಬಂತು. ಆ ವಾರವೇ ವಾಚನಾಲಯದಿಂದ ತಂದಿದ್ದ, ಪ್ರಾಚೀನ ರೋಮಿನ ನಾಣ್ಯಗಳನ್ನು ಕುರಿತ ಪುಸ್ತಕವೊಂದನ್ನು ರಾತ್ರಿ ಊಟವಾದ ಮೇಲೆ ಓದುತ್ತಿದ್ದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಟಂಕಸಾಲೆಯ ಅಚ್ಚುಗಾರನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಅವನೂ ಇದೇ ಉತ್ತರ ಕೊಡುತ್ತಿದ್ದನೇನೋ. ದೇವಾಲಯಕ್ಕೆ ಆರು ಕಂಬಗಳಿದ್ದರೆ ಅವನು ಕೆಲವೊಮ್ಮೆ ನಾಲ್ಕನ್ನೇ ಕೊರೆಯುತ್ತಿದ್ದ. ನಡುವಿನ ಎರಡನ್ನು ಅತ್ತಿತ್ತ ಸರಿಸಿ, ಗರ್ಭಗುಡಿಯ ಒಳಗಿರಬೇಕಾದ ಮೂರ್ತಿಯನ್ನು ಮುಂಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ದೇವರು ಕಾಣದಿದ್ದರೆ ಅದು ಯಾವ ಗುಡಿಯೆಂದು ಸಂತೆಯಲ್ಲಿ ಕಾಸು ಎಣಿಸುವವನಿಗೆ ತಿಳಿಯುವುದು ಹೇಗೆ?

ಅವನಿಗಿದ್ದ ಜಾಗವನ್ನು ವಾಚಕರು ಊಹಿಸಿಕೊಳ್ಳಬೇಕು. ನಮ್ಮ 'ದೀನಾರ' ಎಂಬ ಶಬ್ದಕ್ಕೆ ಮೂಲವಾದ ದಿನಾರಿಯಸ್ ಎಂಬ ಬೆಳ್ಳಿಯ ನಾಣ್ಯದ ಅಗಲ 2 ಸೆಂಟಿಮೀಟರಿಗೂ ಕಡಿಮೆ. ಸೆಸ್ಟರ್ಷಿಯಸ್ ಎಂಬ ಹಿತ್ತಾಳೆಯ ದೊಡ್ಡ ನಾಣ್ಯವೂ ಸುಮಾರು 3.5 ಸೆಂಟಿಮೀಟರು, ಎಂದರೆ ಈಗಿನ ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದು. ಇಷ್ಟರಲ್ಲಿ ಕಂಬ, ಮೆಟ್ಟಿಲು, ಮಾಡಿನ ಮೇಲಿನ ಪ್ರತಿಮೆಗಳು ಎಲ್ಲವನ್ನೂ ಅಚ್ಚಿನಲ್ಲಿ ಎಡಬಲ ತಿರುವಿ ಕೊರೆಯಬೇಕು. ಆ ಮೇಲೆ ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಪೆಟ್ಟು ಓರೆಯಾಗಿ ಬಿದ್ದರೆ ಅರ್ಧ ದೇವಾಲಯವೇ ನಾಣ್ಯದ ಆಚೆ ಹೋಗುತ್ತಿತ್ತು!

ಹಣದ ಮೇಲೆ ಕಟ್ಟಡವೇಕೆ ಎಂದು ನಾವು ಕೇಳುವಂತಿಲ್ಲ. 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿರುವುದನ್ನು ಹೊರನಾಡಿನ ಕನ್ನಡಿಗರು ಎಷ್ಟು ಹೆಮ್ಮೆಯಿಂದ ಪಕ್ಕದ ಮನೆಯವರಿಗೆ ತೋರಿಸಿಲ್ಲ! ರೋಮಿನಲ್ಲಿ ಇದು ಮನೆತನದ ಹೆಮ್ಮೆಯಿಂದ ಮೊದಲಾಯಿತು. ಗಣರಾಜ್ಯದ ಕಾಲದಲ್ಲಿ ಟಂಕಸಾಲೆಯ ಮೇಲ್ವಿಚಾರಣೆ ವರ್ಷವರ್ಷವೂ ನೇಮಕವಾಗುತ್ತಿದ್ದ ತರುಣ ಅಧಿಕಾರಿಗಳದು. ಮುಂದೆ ದೊಡ್ಡ ಹುದ್ದೆಗಳಿಗೆ ಏರಬೇಕೆಂಬ ಆಸೆಯುಳ್ಳ ಅವರು ತಮ್ಮ ಹಿರಿಯರ ಕೀರ್ತಿಯನ್ನು ನಾಣ್ಯದ ಮೇಲೆ ಹೊಡೆಸುತ್ತಿದ್ದರು. ಕ್ರಿ. ಪೂ. 61ರಲ್ಲಿ ಮಾರ್ಕಸ್ ಲೆಪಿಡಸ್ ಎಂಬವನು ತನ್ನ ವಂಶದವರು ಜೀರ್ಣೋದ್ಧಾರ ಮಾಡಿಸಿದ್ದ ಎಮಿಲಿಯಾ ಬಸಿಲಿಕಾ ಎಂಬ ಸಾರ್ವಜನಿಕ ಸಭಾಂಗಣವನ್ನು, ಕಂಬಗಳಿಗೆ ತೂಗಿಸಿದ್ದ ಗುರಾಣಿಗಳ ಸಮೇತ, ಹೀಗೆ ಮೆರೆಸಿದ್ದಾನೆ. ಚಕ್ರವರ್ತಿಗಳು ಬಂದ ಮೇಲೆ ಆ ಹೆಮ್ಮೆಯೆಲ್ಲ ಒಬ್ಬನದೇ ಆಯಿತು.

ಇನ್ನು ನನ್ನಂಥ ಸರಕಾರಿ ಗುಮಾಸ್ತೆಯ ಮನಸ್ಸಿಗೆ ನೇರವಾಗಿ ನಾಟುವ ವಿಷಯಕ್ಕೆ ಬರುತ್ತೇನೆ. ಕಡತದಲ್ಲಿ ಮಂಜೂರಾದ ಕಟ್ಟಡ ನೆಲದ ಮೇಲೆ ಇದ್ದೇ ಇರುತ್ತದೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ. ರೋಮಿನ ನಾಣ್ಯವೂ ಹಾಗೆಯೇ. ಕೊಲೆಯಾದ ಜೂಲಿಯಸ್ ಸೀಸರನನ್ನು ದೇವರೆಂದು ಸಾರಿ ಅವನಿಗೊಂದು ಗುಡಿಯನ್ನು ಕಟ್ಟಲು ನಿಶ್ಚಯಿಸಿದರಷ್ಟೆ. ಮುಂದೆ ಆಗಸ್ಟಸ್ ಎಂದು ಹೆಸರಾದ ಆಕ್ಟೇವಿಯನ್ ಸುಮಾರು ಕ್ರಿ. ಪೂ. 36ರಲ್ಲೇ ಆ ಗುಡಿಯ ಚಿತ್ರವನ್ನು ನಾಣ್ಯಗಳಲ್ಲಿ ಹೊಡೆಸಿದ್ದಾನೆ. ನಾಲ್ಕು ಕಂಬ, ನಡುವೆ ಸೀಸರನ ಮೂರ್ತಿ, ಮೇಲಿನ ತ್ರಿಕೋಣದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಬಲಿಪೀಠ. ಆದರೆ ಗುಡಿಯ ಪ್ರತಿಷ್ಠೆಯಾದದ್ದು ಕ್ರಿ. ಪೂ. 29ರಲ್ಲಿ! ಆರೇಳು ವರ್ಷ ಜನರು ಮುಗಿಯದ ದೇವಾಲಯವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದರು.

ಇದಕ್ಕಿಂತ ವಿಚಿತ್ರವಾದದ್ದು ಪ್ರತೀಕಾರದ ಮಾರ್ಸ್ ದೇವನ ಗುಡಿ. ಕ್ರಿ. ಪೂ. 19ರ ಸುಮಾರಿನಿಂದ ಬಂದ ನಾಣ್ಯಗಳಲ್ಲಿ ಅದು ಗುಂಡಗಿನ ಪುಟ್ಟ ಮಂಟಪ. ಕ್ರಿ. ಪೂ. 2ರಲ್ಲಿ ಪ್ರತಿಷ್ಠೆಯಾಗಿ, ಇಂದಿಗೂ ಕೆಲವು ಕಂಬಗಳನ್ನು ಉಳಿಸಿಕೊಂಡಿರುವ ದೇವಾಲಯವಾದರೋ ಚಚ್ಚೌಕದ ಭಾರಿ ಕಟ್ಟಡ. ಮುಂಭಾಗದಲ್ಲಿ ಎಂಟು ಕಂಬಗಳು. ಹಾಗಾದರೆ ಗುಂಡಗಿನದು ಎಲ್ಲಿತ್ತು? ಮೊದಲು ಬೇರೆಡೆ ಕಟ್ಟಿದ್ದರೇ, ಅಥವಾ ಕಟ್ಟಬೇಕೆಂದುಕೊಂಡು ಬಿಟ್ಟರೇ? ವಿದ್ವಾಂಸರ ಜಗಳ ತೀರಿಲ್ಲ. ಅಂದಾಜುಪಟ್ಟಿ ತಯಾರಾಗಿ, ಆಮೇಲೆ ಸ್ಥಳವೂ ನಕ್ಷೆಯೂ ಬದಲಾದ ಎಷ್ಟೋ ಕಾಮಗಾರಿಗಳ ಕಾಗದಗಳನ್ನು ಕಂಡಿರುವ ನನಗೆ ಎರಡನೆಯ ಪಕ್ಷವೇ ಹಿಡಿಸುತ್ತದೆ. ಇದು ಸಂಬಳದವನ ಅಭಿಪ್ರಾಯ, ಪಂಡಿತನದಲ್ಲ.

ಹಾಗೆಂದು ನಾಣ್ಯದ ಚಿತ್ರಗಳೆಲ್ಲ ಸುಳ್ಳೆಂದು ತಳ್ಳಿಹಾಕಿದರೆ ನಮಗೇ ನಷ್ಟ. ಕೆಲವು ಕಟ್ಟಡಗಳ ರೂಪವನ್ನು ತೋರಿಸುವ ಬೇರೆ ಸಾಕ್ಷಿಯೇ ಇಲ್ಲ. ರೋಮಿನಲ್ಲಿ ಜಾನಸ್ ಎಂಬ ಇಮ್ಮೊಗದ ದೇವರ ಗುಡಿಯಿತ್ತು. ಯುದ್ಧ ನಡೆಯುತ್ತಿರುವಾಗ ಅದರ ಬಾಗಿಲು ತೆರೆದಿರಬೇಕು, ಎಲ್ಲೆಡೆ ಶಾಂತಿಯಿದ್ದರೆ ಮಾತ್ರ ಮುಚ್ಚಬೇಕು ಎಂಬುದು ಪದ್ಧತಿ. ನಗರ ಹುಟ್ಟಿದಂದಿನಿಂದ ತನ್ನ ಕಾಲದವರೆಗೆ ಎರಡೇ ಸಲ ಮುಚ್ಚಿದ್ದ ಬಾಗಿಲನ್ನು ತನ್ನ ಆಳ್ವಿಕೆಯಲ್ಲಿ ಮೂರು ಸಲ ಮುಚ್ಚಲಾಯಿತೆಂದು ಆಗಸ್ಟಸನು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ನೀರೋ ಚಕ್ರವರ್ತಿಯೂ ಪಾರ್ಥಿಯನರೊಡನೆ ಒಪ್ಪಂದವಾದಾಗ ಬಾಗಿಲು ಮುಚ್ಚಿದ ಗುಡಿಯನ್ನು ನಾಣ್ಯಕ್ಕೆ ಹಾಕಿಸಿದನು. ಸುತ್ತಲೂ 'ರೋಮಿನ ಜನಕ್ಕೆ ನೆಲದಲ್ಲೂ ಕಡಲಲ್ಲೂ ಶಾಂತಿಯನ್ನು ದೊರಕಿಸಿ ಜಾನಸನ ಬಾಗಿಲು ಮುಚ್ಚಿದನು' ಎಂಬ ಅರ್ಥದ ಬರಹ. ಆ ನಾಣ್ಯಗಳು ಚಲಾವಣೆಯಲ್ಲಿರುವಾಗಲೇ, ಕ್ರಿ. ಶ. 66ರಲ್ಲಿ, ಜೂದೇಯದಲ್ಲಿ ದೊಡ್ಡ ದಂಗೆಯೆದ್ದಿತು. ಅದು ಹಾಗಿರಲಿ. ಈ ಗುಡಿಯ ಒಂದು ಕಲ್ಲೂ ಇದೇ ಎಂದು ಗುರುತಿಸುವಂತೆ ಸಿಕ್ಕಿಲ್ಲ. ಜೋಡಿ ಬಾಗಿಲು, ಅದರ ಮೇಲೆ ಇಳಿಬಿದ್ದ ಹೂಮಾಲೆ, ಪಕ್ಕದ ಗೋಡೆಯ ಎತ್ತರದಲ್ಲಿ ಜಾಲಂಧ್ರದ ಕಿಟಕಿ: ಇವೆಲ್ಲ ನಮಗೆ ತಿಳಿದಿರುವುದು ಆ ಹಿತ್ತಾಳೆಯ ಬಿಲ್ಲೆಗಳಿಂದ. ಅಲ್ಲಿಯೂ ಒಂದು ತೊಡಕುಂಟು. ಕೆಲವು ಅಚ್ಚುಗಳಲ್ಲಿ ಬಾಗಿಲು ಬಲಗಡೆ, ಕೆಲವುಗಳಲ್ಲಿ ಎಡಗಡೆ!

ಇದೇ ನೀರೋ ಕಟ್ಟಿಸಿದ ವಿಜಯದ ಕಮಾನೂ ಪೂರ್ತಿಯಾಗಿ ಮಾಯವಾಗಿದೆ. ಅವನು ಸತ್ತ ಮೇಲೆ ಅದು ಬಹುಕಾಲ ಉಳಿದಂತೆ ತೋರುವುದಿಲ್ಲ. ಆದರೆ ಅಚ್ಚುಗಾರನು ಅದನ್ನು ಎದುರಿನಿಂದಷ್ಟೇ ಅಲ್ಲದೆ ತುಸು ಓರೆಯಾಗಿ ನಿಂತು ನೋಡಿದಂತೆ ಕೊರೆದಿದ್ದಾನೆ. ಆದ್ದರಿಂದ ಮೇಲಿನ ನಾಲ್ಕು ಕುದುರೆಗಳ ರಥದ ಜೊತೆಗೆ ಪಕ್ಕದ ಗೂಡಿನಲ್ಲಿ ನಿಂತ ಮಾರ್ಸ್ ದೇವನೂ ಕಾಣುತ್ತಾನೆ. ಬೇರೆಬೇರೆ ಅಚ್ಚುಗಳನ್ನು ಪಕ್ಕಪಕ್ಕದಲ್ಲಿಟ್ಟು, ಎಲ್ಲವೂ ಒಪ್ಪುವುದು ಯಾವುದು, ಒಬ್ಬನೇ ಹೇಳುವುದು ಯಾವುದು ಎಂದು ಸಾಕ್ಷಿಗಳನ್ನು ವಿಚಾರಿಸಿದಂತೆ ವಿಚಾರಿಸಿ, ವಿದ್ವಾಂಸರು ಆ ಕಮಾನನ್ನು ಕಾಗದದ ಮೇಲೆ ಮತ್ತೆ ಕಟ್ಟಿದ್ದಾರೆ. ನನಗೆ ಬಹಳ ಮೆಚ್ಚಿಕೆಯಾದ ಕೆಲಸವಿದು.

ಈಗಲೂ ನಿಂತಿರುವ ಕಟ್ಟಡಗಳ ವಿಷಯದಲ್ಲೂ ನಾಣ್ಯ ಒಂದೆರಡು ಮಾತು ಹೆಚ್ಚಾಗಿಯೇ ಹೇಳುತ್ತದೆ. ಟ್ರೇಜನ್ ಚಕ್ರವರ್ತಿಯ ಸ್ತಂಭ ಕ್ರಿ. ಶ. 113ರದು. ಇಂದು ಅದರ ತುದಿಯಲ್ಲಿರುವ ಸಂತ ಪೀಟರನ ಮೂರ್ತಿಯನ್ನು 1587ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ನಿಲ್ಲಿಸಿದನು. ಮೊದಲು ಅಲ್ಲಿದ್ದ ಟ್ರೇಜನನನ್ನು ನಾವು ನಾಣ್ಯದಲ್ಲಿ ನೋಡಬೇಕು. ಕೊಲೊಸಿಯಂ ಎಂಬ ಮಹಾರಂಗಮಂದಿರ ಕ್ರಿ. ಶ. 80ರಲ್ಲಿ ತೆರೆದಾಗ ಟೈಟಸ್ ಚಕ್ರವರ್ತಿಯ ಸೆಸ್ಟರ್ಷಿಯಸ್ ಅದನ್ನು ಹಕ್ಕಿಯ ಕಣ್ಣಿನಿಂದ ತೋರಿಸಿತು. ಹೊರಗಿನ ಕಮಾನುಗಳ ಸಾಲುಗಳೂ, ಒಳಗೆ ಕಿಕ್ಕಿರಿದ ಜನರೂ ಒಟ್ಟಿಗೆ ಕಾಣಬೇಕಲ್ಲ! ಒಬ್ಬೊಬ್ಬ ಪ್ರೇಕ್ಷಕನೂ ಸಾಸಿವೆಗಿಂತ ಸಣ್ಣ ಒಂದು ಚುಕ್ಕಿ. ಪಕ್ಕದಲ್ಲಿ ಶಂಕುವಿನಾಕಾರದ ಕಾರಂಜಿಯೊಂದಿದೆ. ಅದರ ಅವಶೇಷ ಇಪ್ಪತ್ತನೆಯ ಶತಮಾನದವರೆಗೂ ಇತ್ತು. 1936ರಲ್ಲಿ ಮುಸೊಲಿನಿಯ ಸರಕಾರ ರಸ್ತೆಗೆ ಅಡ್ಡವೆಂದು ಕೆಡವಿಸಿತು. ಕಾಸಿನ ಮೇಲಿನದು ಇನ್ನೂ ಇದೆ.

ರೋಮಿನ ಹಣ ನಮ್ಮ ನಾಡಿಗೂ ಬಂದಿತ್ತೆಂಬುದು ಅನೇಕ ವಾಚಕರಿಗೆ ಗೊತ್ತಿರಬಹುದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ಬೆಳ್ಳಿಯ ನಾಣ್ಯಗಳು ಸಿಕ್ಕಿದುವು. ನಮ್ಮ ಊರಿನ ಮಗ್ಗುಲಿನ ಚಂದ್ರವಳ್ಳಿಯಲ್ಲೂ, 1947ರಲ್ಲಿ ವೀಲರ್ ಸಾಹೇಬರು ಉತ್ಖನನ ಮಾಡಿದ ಆ ಕಣಿವೆಯಲ್ಲಿ, ರೋಮನ್ ದಿನಾರಿಯಸ್‌ಗಳು ದೊರೆತಿವೆ. ಹುಡುಗನಾಗಿದ್ದಾಗ ನಾನು ಅಲ್ಲಿ ಬಂಡೆ ಹತ್ತಿ ಪ್ಯಾಂಟು ಹರಿದುಕೊಂಡದ್ದುಂಟು, ನಾಣ್ಯ ಮಾತ್ರ ಸಿಗಲಿಲ್ಲ. ಆದರೆ ಭಾರತದಲ್ಲಿ ಹೆಚ್ಚಾಗಿ ದೊರೆಯುವ ದಿನಾರಿಯಸ್‌ಗಳಲ್ಲಿ ಕಟ್ಟಡಗಳಿಲ್ಲ. ಆಗಸ್ಟಸನವುಗಳಲ್ಲಿ ಅವನು ದತ್ತು ತೆಗೆದುಕೊಂಡ ಇಬ್ಬರು ಮೊಮ್ಮಕ್ಕಳು ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಟೈಬೀರಿಯಸನವುಗಳಲ್ಲಿ ಒಬ್ಬ ಹೆಂಗಸು ಪೀಠದಲ್ಲಿ ಕುಳಿತಿದ್ದಾಳೆ. ನಮ್ಮ ವರ್ತಕರು ಬೆಳ್ಳಿಯನ್ನು ನೋಡಿದರೇ ಹೊರತು ರೋಮಿನ ಗುಡಿಗಳನ್ನು ನೋಡುವ ಅವಕಾಶ ಅವರಿಗೆ ಅಷ್ಟಾಗಿ ಒದಗಲಿಲ್ಲ.

ಮಗಳ ಚಿತ್ರವನ್ನು ಮೊನ್ನೆ ಫೋನಿನಲ್ಲಿ ಅಣ್ಣನಿಗೆ ಕಳುಹಿಸಿದೆ. ಎರಡೇ ಕಂಬ ಹಾಕಿದ್ದಾಳೆ, ನಾಲ್ಕಿತ್ತೆಂದು ಎಷ್ಟು ಹೇಳಿದರೂ ಕೇಳಲಿಲ್ಲ ಎಂದೂ ದೂರಿದೆ.

"ನಾಲ್ಕೆಲ್ಲಿತ್ತೋ?" ಎಂದನು ಅಣ್ಣ. "ಎಡಗಡೆಯದಕ್ಕೆ ಗೆದ್ದಲು ಹಿಡಿದು, ನೀನು ಹುಟ್ಟುವುದಕ್ಕೆ ಮೊದಲೇ ಅಪ್ಪ ತೆಗೆಸಿ ಇಟ್ಟಿಗೆಯ ಗೋಡೆ ಎಬ್ಬಿಸಿದ್ದರು. ನೀನು ಕಂಡದ್ದು ಮೂರೇ."

ಹಿಂದಿನಿಂದ ಅತ್ತಿಗೆಯವರ ದನಿ ಕೇಳಿಸಿತು: "ಮೂರಲ್ಲ, ನಾಲ್ಕೇ. ದೀಪಾವಳಿಗೆ ಎಣ್ಣೆ ಹಾಕಿ ಒರೆಸುತ್ತಿದ್ದವಳು ನಾನೋ ನೀವೋ?"

ಅವರಿಬ್ಬರ ವಾದ ಮುಗಿಯುವಷ್ಟರಲ್ಲಿ ಮಗಳು ಚಿತ್ರವನ್ನು ಮತ್ತೆ ಎಳೆದುಕೊಂಡು ಅಜ್ಜನಿಗೆ ಕನ್ನಡಕ ಹಾಕುತ್ತಿದ್ದಳು.