ಹೊರಡದ ರೈಲುಗಳ ನಿಲ್ದಾಣ

ಮೈಸೂರಿಗೆ ಬಂದವರಿಗೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸುವಷ್ಟರಲ್ಲೇ ದಿನ ಮುಗಿದಿರುತ್ತದೆ. ಕೃಷ್ಣರಾಜಸಾಗರ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ ಎದುರಿಗಿರುವ ರೈಲ್ವೆ ವಸ್ತುಸಂಗ್ರಹಾಲಯ ಹೆಚ್ಚಿನವರ ಪಟ್ಟಿಯಲ್ಲೇ ಇರುವುದಿಲ್ಲ. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದ ಬೆನ್ನಿಗೇ, 1979ರಲ್ಲಿ ತೆರೆದ ಜಾಗವಿದು.

ಒಳಗೆ ಕಾಲಿಟ್ಟರೆ ಬಯಲಲ್ಲಿ ಸಾಲಾಗಿ ನಿಂತ ಉಗಿಬಂಡಿಗಳು. ಪ್ಲಾಟ್‌ಫಾರ್ಮಿನಿಂದ ನೋಡುವ ರೈಲಿನ ಚಕ್ರ ನಮಗೆ ಕಾಣುವುದೇ ಅಪರೂಪ. ಇಲ್ಲಿ ನೆಲಕ್ಕೇ ಇಳಿದು ಮೈಮುಟ್ಟಿ ನೋಡಬಹುದು. ಸಿಲಿಂಡರಿನಿಂದ ಚಕ್ರಕ್ಕೆ ಹಾದುಹೋದ ಉಕ್ಕಿನ ತೋಳನ್ನು ಕಣ್ಣಲ್ಲೇ ಹಿಂಬಾಲಿಸಿದರೆ, ಉಗಿಯ ನೂಕಾಟ ಚಕ್ರದ ಉರುಳಾಟವಾಗುವ ಬಗೆ ಯಾರೂ ಹೇಳಿಕೊಡದೆ ತಿಳಿಯುತ್ತದೆ. 1882ರಲ್ಲಿ ಬೆಂಗಳೂರು–ಮೈಸೂರು ನಡುವೆ ರೈಲು ಓಡಿದ್ದು ಮೀಟರ್‌ಗೇಜ್ ಹಳಿಯ ಮೇಲೆ. ಎರಡು ಹಳಿಗಳ ನಡುವೆ ಬರೀ ಒಂದು ಮೀಟರ್. ಈಗಿನ ಬ್ರಾಡ್‌ಗೇಜ್ 1,676 ಮಿ.ಮೀ. ಅಗಲ. ದಾರಿ ಹಿಗ್ಗಿದಾಗ ಹಳೆಯ ಬಂಡಿಗಳಿಗೆ ಓಡಲು ನೆಲೆಯೇ ಉಳಿಯಲಿಲ್ಲ.

ಇಲ್ಲಿನ ಶ್ರೀರಂಗ ಮಂಟಪದಲ್ಲಿ 1899ರ ಮಹಾರಾಣಿ ಸಲೂನ್ ಬೋಗಿ ಇದೆ. ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲವೂ ಗಾಲಿಯ ಮೇಲೆಯೇ. ಅದನ್ನು ನೋಡಿದ ಕಣ್ಣಲ್ಲೇ ಉಗಿಬಂಡಿಯ ಹಿಂಬದಿಗೆ ಹತ್ತಬೇಕು. ಇಬ್ಬರು ನಿಂತರೆ ಮೈಗೆ ಮೈ ತಾಗುವ ಇಕ್ಕಟ್ಟು, ಎದುರಿಗೆ ಕುಲುಮೆಯ ಬಾಯಿ, ಬೆನ್ನಿಗೆ ಕಲ್ಲಿದ್ದಲು. ಫೈರ್‌ಮನ್ ದಾರಿಯುದ್ದಕ್ಕೂ ಸಲಿಕೆಯಿಂದ ಇದ್ದಲು ತುಂಬುತ್ತಿರಬೇಕು. ಬಾಯ್ಲರಿನ ನೀರು ಇಳಿಯದಂತೆ ಗಾಜಿನ ನಳಿಗೆಯ ಮೇಲೂ ಕಣ್ಣಿಟ್ಟಿರಬೇಕು. ಮುಂದೆ ಸಿಗ್ನಲ್ಲಿನ ಕೈಮರ ಬಿತ್ತೋ ಇಲ್ಲವೋ ಎಂದು ಡ್ರೈವರ್ ಹೊಗೆಯ ನಡುವೆಯೇ ಇಣುಕಬೇಕು.

ಆ ಕೈಮರದಲ್ಲೂ ಒಂದು ಜಾಣತನವಿತ್ತು. ತೋಳು ಅಡ್ಡಕ್ಕಿದ್ದರೆ ನಿಲ್ಲು, ಓರೆಯಾಗಿ ಇಳಿದರೆ ಹೊರಡು. ರಾತ್ರಿ ತೋಳಿನ ಬಣ್ಣದ ಗಾಜುಗಳ ಹಿಂದೆ ಸೀಮೆಎಣ್ಣೆ ದೀಪ. ಹೊರಡು ಎನ್ನುವ ಗಾಜಿನ ಬಣ್ಣ ನೀಲಿ ಬೆರೆತದ್ದು. ದೀಪದ ಹಳದಿ ಬೆಳಕು ಅದರೊಳಗೆ ಹಾದಾಗ ದೂರದವರಿಗೆ ಹಸಿರಾಗಿ ಕಾಣುತ್ತಿತ್ತು.

ಸಂಗ್ರಹಾಲಯದಲ್ಲಿ ಒಂದು ಆಸ್ಟಿನ್ ಕಾರೂ ಇದೆ. ರಸ್ತೆಯ ಕಾರಿಗೆ ರೈಲಿನ ಗಾಲಿ ತೊಡಿಸಿ, ಹಳಿ ತಪಾಸಣೆಯ ಅಧಿಕಾರಿಗಳು ಓಡಾಡುತ್ತಿದ್ದರು.

ಅರಮನೆಯಲ್ಲಿ ದರಬಾರಿನ ವೈಭವವೇ ಮುಂದು; ಅದನ್ನು ನಡೆಸಿದ ಕೈಗಳು ಕಾಣುವುದಿಲ್ಲ. ಇಲ್ಲಿ ಸಲೂನಿಗೂ ಅದನ್ನು ಎಳೆಯುವ ಬಂಡಿಗೂ ನಡುವೆ ನಾಲ್ಕು ಹೆಜ್ಜೆ. ಮಕ್ಕಳು ಪುಟಾಣಿ ರೈಲಿನಲ್ಲಿ ಸುತ್ತು ಹಾಕುವಷ್ಟು ಹೊತ್ತು ದೊಡ್ಡವರು ಬೆಂಚಿನ ಮೇಲೆ ಮೊಬೈಲ್ ಒತ್ತುತ್ತ ಕೂರುವ ಬದಲು ಆ ನಾಲ್ಕು ಹೆಜ್ಜೆ ನಡೆದರೆ, ಟಿಕೆಟ್ಟಿನ ದುಡ್ಡಿಗೆ ಮೋಸವಿಲ್ಲ.