ಕಿತ್ತ ಅಣಬೆಯನ್ನು ಕೆಡದಂತೆ ಇಡುವುದು ಹೇಗೆ?

ಹುಲ್ಲು ಕತ್ತರಿಸಿ, ನೆನೆಸಿ, ಬೇಯಿಸಿ, ಬೀಜ ಬೆರೆಸಿ, ಮೂರು ವಾರ ಕಾದು ಪಡೆದ ಚಿಪ್ಪಣಬೆಯನ್ನು ಒಂದೇ ರಾತ್ರಿಯಲ್ಲಿ ತಿಪ್ಪೆಗೆ ಸುರಿಯಬೇಕಾಗಿ ಬಂದ ರೈತ ಬಾಂಧವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬೆಳೆಯುವುದನ್ನು ಕಲಿತಷ್ಟು ಶ್ರದ್ಧೆಯಿಂದ ಕಾಪಾಡುವುದನ್ನು ಕಲಿಯದಿರುವುದೇ ಇದಕ್ಕೆ ಕಾರಣ.

ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು. ಕುಂಬಳ, ಸೌತೆಗಳಿಗಿರುವಂಥ ಸಿಪ್ಪೆಯ ರಕ್ಷಣೆ ಇದಕ್ಕಿಲ್ಲ. ಕಿತ್ತ ಮೇಲೂ ಅದು ಉಸಿರಾಡುತ್ತದೆ, ಶಾಖ ಬಿಡುತ್ತದೆ, ನೀರು ಬಿಡುತ್ತದೆ. ಆ ನೀರು ಅಣಬೆಯ ಮೇಲೆಯೇ ನಿಂತರೆ ಸೂಕ್ಷ್ಮಾಣುಗಳಿಗೆ ಹಬ್ಬ. ಆದ್ದರಿಂದ ತಂಪು, ಒಣ ಮೈ, ಗಾಳಿಯಾಟ ಈ ಮೂರೂ ಬೇಕು.

ಕೆಲಸ ಕೊಯ್ಲಿನಿಂದಲೇ ಶುರುವಾಗುತ್ತದೆ. ಕೊಡೆಯ ಅಂಚು ಒಳಬಾಗಿರುವಾಗಲೇ ಕೀಳಿರಿ. ಅಂಚು ಮೇಲಕ್ಕೆ ಮಡಚಿ ಬಿಳಿ ಪುಡಿ ಉದುರತೊಡಗಿದರೆ ಬಲಿತಿದೆಯೆಂದು ತಿಳಿಯಿರಿ. ತೂಕ ಬರಲೆಂದು ನೀರು ಚಿಮುಕಿಸಿ ಕೀಳುವ ಚಾಳಿ ಕೆಲವರಲ್ಲಿದೆ. ತಕ್ಕಡಿಯಲ್ಲಿ ಸಿಕ್ಕ ಆ ಲಾಭ ಮರುದಿನ ಗಿರಾಕಿಯೊಡನೆ ಹೋಗುತ್ತದೆ. ನೀರು ಕೊಯ್ಲಾದ ಮೇಲೆ ಕೊಡಿ.

ಕಿತ್ತ ಅಣಬೆಯನ್ನು ತೊಳೆಯಬೇಡಿ. ಬುಡದ ಹುಲ್ಲನ್ನು ಕತ್ತರಿಸಿ ತೆಗೆದು, ಸೂಜಿಯಿಂದ ತೂತು ಮಾಡಿದ ಪಾಲಿಥೀನ್ ಚೀಲಕ್ಕೆ ಅಥವಾ ಕಾಗದದ ಚೀಲಕ್ಕೆ ಹಾಕಿರಿ. ಚೀಲವನ್ನು ಗಾಳಿಯಾಡದಂತೆ ಬಿಗಿಯುವುದು ಅಪಾಯ. ಗಾಳಿಯಿಲ್ಲದೆಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಾಣು, ಬಣ್ಣ ವಾಸನೆಗಳಲ್ಲಿ ಸುಳಿವು ಕೊಡದೆಯೇ ವಿಷ ಉತ್ಪಾದಿಸಬಲ್ಲದು. ಫ್ರಿಜ್ಜಿನಲ್ಲಿ 4–5 ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟರೆ ಚಿಪ್ಪಣಬೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಹೊರಗಡೆ ಒಂದು ದಿನವೇ ಹೆಚ್ಚು. ಫ್ರಿಜ್ ಇಲ್ಲದವರು ಬಿದಿರು ಬುಟ್ಟಿಯಲ್ಲಿ ತೆಳ್ಳಗೆ ಹರಡಿ, ಬುಟ್ಟಿಯ ಹೊರಸುತ್ತಿಗೆ ಮಾತ್ರ ಹಸಿ ಗೋಣಿ ಕಟ್ಟಿ, ನೆರಳಿನಲ್ಲಿಟ್ಟು ರಾತ್ರಿ ಕಳೆಯಬಹುದು.

ಕೆಟ್ಟಿದೆಯೇ ಎಂದು ತಿಳಿಯಲು ಕಣ್ಣಿಗಿಂತ ಬೆರಳು, ಮೂಗು ಮೇಲು. ಮುಟ್ಟಿದಾಗ ಲೋಳೆ ಅಂಟಿದರೆ, ಹುಳಿ ಅಥವಾ ಮೀನಿನಂಥ ನಾತ ಬಂದರೆ, ಚೀಲದ ತಳದಲ್ಲಿ ಹಳದಿ ನೀರು ನಿಂತಿದ್ದರೆ, ಹಸಿರು ಇಲ್ಲವೆ ಕಪ್ಪು ಬೂಷ್ಟು ಕಂಡರೆ ಎಸೆಯತಕ್ಕದ್ದು. ಮಸಾಲೆ ಹಾಕಿ ಕುದಿಸಿದರೆ ಸರಿಹೋಗುತ್ತದೆಂಬ ನಂಬಿಕೆ ಬೇಡ. ಕೆಲವು ವಿಷಗಳು ಕುದಿತಕ್ಕೂ ಜಗ್ಗುವುದಿಲ್ಲ. ಆದರೆ ಅಂಚು ಒಣಗಿ ಸುಕ್ಕಾಗಿದ್ದರೆ ನೀರು ಆರಿದೆ ಅಷ್ಟೆ, ಅಂದೇ ಅಡುಗೆಗೆ ಬಳಸಿ. ಚಿಪ್ಪಣಬೆಯ ಬುಡದಲ್ಲಿ ಕಾಣುವ ಬಿಳಿ ಹತ್ತಿಯಂಥದು ಸಾಮಾನ್ಯವಾಗಿ ಅಣಬೆಯದೇ ಎಳೆ. ಮೈ ಗಟ್ಟಿಯಾಗಿದ್ದು ವಾಸನೆ ಚೆನ್ನಾಗಿದ್ದರೆ ಅದಕ್ಕೆ ಹೆದರಬೇಕಿಲ್ಲ.

ಒಂದು ಎಚ್ಚರಿಕೆ: ಈ ಗುರುತುಗಳು ನೀವು ಬೆಳೆದ ಅಣಬೆ ಹಳಸಿದೆಯೇ ಎಂಬುದಕ್ಕೆ ಮಾತ್ರ. ಕಾಡಿನ ಅಣಬೆ ವಿಷದ್ದೇ ಅಲ್ಲವೇ ಎಂಬುದನ್ನು ಇವುಗಳಿಂದ ತಿಳಿಯಲಾಗದು.

ಮಾರಾಟವಾಗದೆ ಉಳಿದದ್ದನ್ನು ಲೋಳೆ ಬರುವವರೆಗೆ ಕಾಯದೆ ಮರುದಿನವೇ ಸೀಳಿ ಬಿಸಿಲಿಗೆ ಹರಡಿರಿ. ಮುರಿದರೆ ಪಟ್ಟೆನ್ನುವಷ್ಟು ಒಣಗಬೇಕು. 10 ಕಿಲೋ ಹಸಿ ಅಣಬೆಯಿಂದ ಸುಮಾರು 1 ಕಿಲೋ ಒಣ ಅಣಬೆ ಸಿಗುತ್ತದೆ. ಇದನ್ನು ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬಹುದು. ಬೇಕಾದಾಗ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾರಿಗಾಗುತ್ತದೆ.