ಬೆರಳು ಕಲಿತ ದಾರಿ

ಕೀಬೋರ್ಡಿನ ಕೆಳಸಾಲಿನಲ್ಲಿ ಝಡ್, ಎಕ್ಸ್, ಸಿ, ವಿ ಅಕ್ಕಪಕ್ಕ ಕೂತಿವೆ. ಕಂಟ್ರೋಲ್ ಜೊತೆ ಒತ್ತಿದರೆ ರದ್ದು, ಕತ್ತರಿ, ನಕಲು, ಅಂಟು. 'ಪೇಸ್ಟ್'ಗೆ ಪಿ ಇರಬೇಕಿತ್ತಲ್ಲ? ವಿ ಇರುವುದು ಸಿ ಪಕ್ಕದಲ್ಲಿ, ಎಡಗೈ ಕದಲಬೇಕಿಲ್ಲ. 1983ರ ಆ್ಯಪಲ್ ಲೀಸಾ ಕಂಪ್ಯೂಟರಿನಲ್ಲೂ ಕತ್ತರಿ, ನಕಲು, ಅಂಟಿಗೆ ಇವೇ ಅಕ್ಷರಗಳಿದ್ದವು. ಅಂದರೆ ಶಾರ್ಟ್‌ಕಟ್ ನೆನಪಿಗಿಂತ ಕೈಗೆ ಸೇರಿದ್ದು. ಪಟ್ಟಿ ಉರುಹೊಡೆದು ಕಲಿಯುವುದು ವ್ಯರ್ಥ ಶ್ರಮ.

ಶಾರ್ಟ್‌ಕಟ್ ಬಳಕೆಗೇ ಹಳೆಯ ಆಕ್ಷೇಪವೊಂದಿದೆ. ಆ್ಯಪಲ್‌ನಲ್ಲಿದ್ದ ಬ್ರೂಸ್ ಟೊಗ್ನಾಜಿನಿ 1989ರಲ್ಲೇ ಬರೆದರು: ಕೀಲಿ ಬೇಗ ಅನ್ನಿಸುತ್ತದೆ, ಗಡಿಯಾರ ಹಿಡಿದರೆ ಗೆಲ್ಲುವುದು ಮೌಸ್, ಯಾವ ಕೀಲಿ ಎಂದು ಯೋಚಿಸುವ ಹೊತ್ತು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ತಿಂಗಳಿಗೊಮ್ಮೆ ಬೇಕಾಗುವ ಆಜ್ಞೆಗಳ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ದಿನಕ್ಕೆ ಐವತ್ತು ಸಲ ಮಾಡುವ ಕೆಲಸದಲ್ಲಿ ಯೋಚಿಸುವ ಹೊತ್ತೇ ಕರಗಿಹೋಗುತ್ತದೆ. ವಿಂಡೋಸ್‌ನಲ್ಲಿ ಕಿಟಕಿಯಿಂದ ಕಿಟಕಿಗೆ ಹಾರಲು ಆಲ್ಟ್-ಟ್ಯಾಬ್, ಎಲ್ಲವನ್ನೂ ಸರಿಸಿ ಡೆಸ್ಕ್‌ಟಾಪ್ ಕಾಣಲು ವಿಂಡೋಸ್ ಕೀಲಿ ಮತ್ತು ಡಿ. ಎರಡು ಲಿಪಿಗಳಲ್ಲಿ ಬರೆಯುವ ಕನ್ನಡಿಗರಿಗಂತೂ (ಎರಡೂ ಕೀಬೋರ್ಡ್ ವಿನ್ಯಾಸ ಸೇರಿಸಿಕೊಂಡಿದ್ದರೆ) ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ದೊಡ್ಡ ಉಪಕಾರಿ: ಒಂದು ಒತ್ತಿಗೆ ಕನ್ನಡ, ಮತ್ತೊಂದಕ್ಕೆ ಇಂಗ್ಲಿಷ್. ವಾಕ್ಯದ ನಡುವೆ ಕೈಯೆತ್ತಿ ಪರದೆಯ ಮೂಲೆಯ ಪುಟ್ಟ ಗುರುತು ಹುಡುಕಿದರೆ ಹೋಗುವುದು ಎರಡು ಸೆಕೆಂಡಷ್ಟೇ ಅಲ್ಲ, ಬರೆಯಹೊರಟ ಮಾತೂ ಜೊತೆಗೇ ಹೋಗುತ್ತದೆ.